ಕ್ಷೌರದ ಇಬ್ಬಾಯಿ ಬ್ಲೇಡು: ಉಕ್ಕು, ಅಲಗು ಮತ್ತು ಆಯ್ಕೆ

ಎರಡೂ ಉದ್ದಬದಿಗಳಲ್ಲಿ ಹರಿತವಾದ ಅಲಗು ಮತ್ತು ನಡುವೆ ಉದ್ದನೆಯ ಕಂಡಿ ಇರುವ ತೆಳ್ಳನೆಯ ಉಕ್ಕಿನ ಪಟ್ಟಿಯೇ ಕ್ಷೌರದ ಇಬ್ಬಾಯಿ ಬ್ಲೇಡು. ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ ಮತ್ತು 0.1 ಮಿ.ಮೀ. ದಪ್ಪವಿರುವ ಈ ಪಟ್ಟಿಯನ್ನು ಸೇಫ್ಟಿ ರೇಜರಿನ ತಲೆಯಲ್ಲಿಟ್ಟು ಬಿಗಿದು, ನೀರಿನಿಂದಲೂ ಸಾಬೂನಿನ ನೊರೆಯಿಂದಲೂ ನೆನೆಸಿದ ಗಡ್ಡವನ್ನು ಹೆರೆಯಲು ಬಳಸುತ್ತಾರೆ. ಅಂಗಡಿಗಳಲ್ಲಿ ಇದಕ್ಕೆ ಬ್ಲೇಡು ಎಂದಷ್ಟೇ ಹೆಸರು. ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಿಡಿದು ಭದ್ರಾವತಿಯ ಬಿ.ಎಚ್. ರಸ್ತೆಯವರೆಗೆ ಸಣ್ಣ ಪೊಟ್ಟಣಗಳಲ್ಲಿ ದೊರೆಯುವ ಈ ವಸ್ತು ಎರಡು ಬೇರೆಬೇರೆ ಬಗೆಯಲ್ಲಿ ಬಳಕೆಯಾಗುತ್ತದೆ: ಮನೆಯಲ್ಲಿ ಇಡಿಯಾಗಿ ರೇಜರಿನೊಳಗೆ, ಸಲೂನಿನಲ್ಲಿ ಉದ್ದಕ್ಕೆ ಮುರಿದ ಅರ್ಧವಾಗಿ ಮಡಚುಗತ್ತಿಯ ಹಿಡಿಯೊಳಗೆ. ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಬ್ಲೇಡಿನ ಆಯ್ಕೆಯಲ್ಲಿ ಉಂಟಾಗುವ ಗೊಂದಲಕ್ಕೆ ಬಹುಮಟ್ಟಿಗೆ ಇದೇ ಮೂಲವಾಗಿರುವುದರಿಂದ, ಅದನ್ನು ಕೆಳಗೆ ವಿವರವಾಗಿ ನೋಡಲಾಗಿದೆ.

ಬಳಸಿ ಎಸೆಯಬಹುದಾದ ಬ್ಲೇಡಿನ ಕಲ್ಪನೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ನದು. ಸಾಣೆ ಹಿಡಿಯುವ ಅಗತ್ಯವೇ ಇಲ್ಲದಷ್ಟು ಅಗ್ಗದ, ತೆಳುವಾದ ಅಲಗು ಸಾಧ್ಯವೆಂದು ಆತ ನಂಬಿದ್ದರೂ, ಅಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಕಾಯಿಸಿ ಗಡುಸುಗೊಳಿಸುವ ವಿಧಾನವನ್ನು ಕಂಡುಕೊಂಡು ಅದನ್ನು ಕಾರ್ಖಾನೆಯ ವಸ್ತುವಾಗಿಸಿದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1903ರಲ್ಲಿ ಮಾರಾಟ ಆರಂಭವಾದಾಗ ಮೊದಲ ವರ್ಷ ಹೋದದ್ದು 51 ರೇಜರುಗಳು ಮತ್ತು 168 ಬ್ಲೇಡುಗಳು ಮಾತ್ರ. 1904ರ ನವೆಂಬರಿನಲ್ಲಿ ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಲಕ್ಷಗಟ್ಟಲೆ ರೇಜರುಗಳು ಪೂರೈಕೆಯಾದ ಮೇಲೆ, ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವ ಅಭ್ಯಾಸ ಸೈನಿಕರೊಂದಿಗೆ ಊರೂರಿಗೆ ಹರಡಿತು. ಆರಂಭದ ಬ್ಲೇಡುಗಳಲ್ಲಿ ಮೂರು ದುಂಡನೆಯ ತೂತುಗಳಿದ್ದವು. 1930ರ ಸುಮಾರಿಗೆ ಹೆನ್ರಿ ಗೈಸ್‌ಮನ್‌ನ ಕಂಪನಿಯೊಂದಿಗಿನ ಪೇಟೆಂಟ್ ವಿವಾದ ಎರಡೂ ಕಂಪನಿಗಳ ವಿಲೀನದಲ್ಲಿ ಮುಗಿದ ನಂತರ ಉದ್ದ ಕಂಡಿಯ ಈಗಿನ ಆಕಾರ ನೆಲೆಗೊಂಡಿತು. ಇಂದು ಯಾವ ದೇಶದ ಇಬ್ಬಾಯಿ ಬ್ಲೇಡಾದರೂ ಯಾವ ದೇಶದ ಸೇಫ್ಟಿ ರೇಜರಿನಲ್ಲಾದರೂ ಕೂರುವುದಕ್ಕೆ ಈ ಏಕರೂಪತೆ ಕಾರಣ. ಒಂದೇ ಕಂಪನಿಯ ಹಿಡಿಗೆ ಅದೇ ಕಂಪನಿಯ ಕಾರ್ಟ್ರಿಜ್ ಮಾತ್ರ ಹೊಂದುವ ಈಗಿನ ಬಹು ಅಲಗಿನ ರೇಜರುಗಳಲ್ಲಿ ಬಳಕೆದಾರನಿಗೆ ಈ ಸ್ವಾತಂತ್ರ್ಯ ಇಲ್ಲ. ಇಬ್ಬಾಯಿ ಬ್ಲೇಡಿನ ವಿಷಯದಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥ ಬರುವುದೇ ಇದರಿಂದ.

ಭಾರತದಲ್ಲಿ ಸ್ವಾತಂತ್ರ್ಯದ ಆಸುಪಾಸಿನಿಂದ ಈ ಉದ್ಯಮ ಬೆಳೆಯಿತು. ಟೋಪಾಜ್, ಅಶೋಕ್ ಮುಂತಾದ ಹೆಸರುಗಳಲ್ಲಿ ಬ್ಲೇಡು ತಯಾರಿಸುವ ಕೋಲ್ಕತ್ತದ ಹರ್ಬನ್ಸ್‌ಲಾಲ್ ಮಲ್ಹೋತ್ರಾ ಸಂಸ್ಥೆ, ಸೂಪರ್‌ಮ್ಯಾಕ್ಸ್ ಬ್ಲೇಡುಗಳ ಮುಂಬೈ ಮೂಲದ ವಿದ್ಯುತ್ ಮೆಟಾಲಿಕ್ಸ್ ಸಂಸ್ಥೆ ಇದರಲ್ಲಿ ಪ್ರಮುಖವಾದವು. 1984ರಲ್ಲಿ ಇಂಡಿಯನ್ ಶೇವಿಂಗ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಸ್ಥಾಪನೆಯಾಗಿ ಮುಂದೆ ಜಿಲೆಟ್ ಇಂಡಿಯಾ ಎನಿಸಿಕೊಂಡ ಕಂಪನಿ ಸೆವೆನ್ ಓ ಕ್ಲಾಕ್ ಬ್ಲೇಡನ್ನು ದೇಶದಾದ್ಯಂತ ಪರಿಚಯಿಸಿತು. ಅದೇ ಕಂಪನಿ 2010ರಲ್ಲಿ ಗಾರ್ಡ್ ಎಂಬ ಒಂಟಿ ಅಲಗಿನ ಕಾರ್ಟ್ರಿಜ್ ರೇಜರನ್ನು 15 ರೂಪಾಯಿಗೂ ಅದರ ಬದಲಿ ಕಾರ್ಟ್ರಿಜನ್ನು 5 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟದ್ದು ಇಬ್ಬಾಯಿ ಬ್ಲೇಡಿನ ಬಳಕೆದಾರರನ್ನು ಸೆಳೆಯುವ ಉದ್ದೇಶದಿಂದಲೇ.

ಬ್ಲೇಡಿನ ಗುಣ ಮೊದಲು ಉಕ್ಕಿನಲ್ಲಿದೆ; ಉಕ್ಕಿನ ಪರಿಚಯ ಭದ್ರಾವತಿಗೆ ಹೇಳಿಕೊಡಬೇಕಾದದ್ದಲ್ಲ. ಹಿಂದೆ ಬೆಂಕಿಪುರ ಎನಿಸಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸುತ್ತಿದ್ದ ಆ ಕುಲುಮೆಯ ಆಡಳಿತ ಮಂಡಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಮೇಲೆತ್ತಿದರು. 1930ರ ದಶಕದಲ್ಲಿ ಉಕ್ಕಿನ ಘಟಕ ಸೇರಿಕೊಂಡು, ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾದ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಭದ್ರಾವತಿಯ ಹೆಸರು ಬೆಳೆದದ್ದು ರೈಲ್ವೆ, ವಾಹನ ಮತ್ತು ರಕ್ಷಣಾ ಉದ್ಯಮಗಳಿಗೆ ಬೇಕಾದ ಸರಳು, ಫೋರ್ಜಿಂಗುಗಳಂಥ ದಪ್ಪ ಸರಕಿನಿಂದ. ಬ್ಲೇಡಿಗೆ ಬೇಕಾದದ್ದು ಮತ್ತೊಂದು ಬಗೆಯ ಸರಕು: ಕಾಯಿಸದೆ ಮತ್ತೆ ಮತ್ತೆ ಉರುಳೆಗಳ ನಡುವೆ ಹಾಯಿಸಿ ಕಾಗದದಷ್ಟು ತೆಳುವಾಗಿಸಿದ ಪಟ್ಟಿ. ಆದರೂ ಕಬ್ಬಿಣಕ್ಕೆ ಇಂಗಾಲ ಸೇರಿದರೆ ಗಡುಸು ಬರುತ್ತದೆ, ಕ್ರೋಮಿಯಂ ಸೇರಿದರೆ ತುಕ್ಕಿಗೆ ತಡೆ ಬರುತ್ತದೆ, ಕಾಯಿಸಿ ತಣಿಸುವ ಹದದಲ್ಲಿ ಉಕ್ಕಿನ ಭವಿಷ್ಯ ನಿರ್ಧಾರವಾಗುತ್ತದೆ ಎಂಬ ಮೂಲತತ್ವ ಎರಡಕ್ಕೂ ಒಂದೇ.

ಈಗಿನ ಸ್ಟೇನ್‌ಲೆಸ್ ಬ್ಲೇಡಿನ ಉಕ್ಕಿನಲ್ಲಿ ಸುಮಾರು ಶೇ. 13ರಷ್ಟು ಕ್ರೋಮಿಯಂ, ಶೇ. 0.6ರಿಂದ 0.7ರಷ್ಟು ಇಂಗಾಲ ಇರುತ್ತವೆ. ಪಟ್ಟಿಯಲ್ಲಿ ಕಂಡಿಗಳನ್ನು ಕತ್ತರಿಸಿದ ಮೇಲೆ ಅದನ್ನು ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ತಟ್ಟನೆ ತಣಿಸುತ್ತಾರೆ. ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಗೂ ಇಳಿಸಿ, ಬಳಿಕ ಹಿತವಾಗಿ ಮತ್ತೆ ಕಾಯಿಸಿ ಪೆಡಸುತನವನ್ನು ತಗ್ಗಿಸುತ್ತಾರೆ. ಇಂಗಾಲ ಮತ್ತು ಕ್ರೋಮಿಯಂ ಕೂಡಿ ಉಕ್ಕಿನೊಳಗೆ ಉಂಟಾಗುವ ಕಾರ್ಬೈಡ್ ಎಂಬ ಗಟ್ಟಿ ಕಣಗಳು ಅತಿ ಸಣ್ಣವಾಗಿಯೂ ಸಮನಾಗಿ ಹರಡಿಯೂ ಇರಬೇಕು, ಏಕೆಂದರೆ ಅಲಗಿನ ತುದಿಗಿಂತ ದೊಡ್ಡ ಕಣವೊಂದು ಮೊನೆಯಲ್ಲಿ ಸಿಕ್ಕಿಕೊಂಡರೆ ಅದು ಕಿತ್ತುಬಂದಾಗ ಅಲ್ಲಿ ಹಲ್ಲು ಮುರಿದಂತಾಗುತ್ತದೆ. ಆಮೇಲೆ ಹಲವು ಹಂತಗಳಲ್ಲಿ ಸಾಣೆ ಹಿಡಿದು, ಚರ್ಮದ ಉರುಳೆಗಳ ಮೇಲೆ ಮಸೆದು, ಅಲಗಿನ ಮೇಲೆ ಕ್ರೋಮಿಯಂ, ಪ್ಲಾಟಿನಂಗಳಂಥ ಲೋಹದ ಅತಿ ತೆಳುವಾದ ಪದರವನ್ನೂ ಅದರ ಮೇಲೆ ಟೆಫ್ಲಾನ್ ಪದರವನ್ನೂ ಕೂರಿಸುತ್ತಾರೆ. ಲೋಹದ ಪದರ ಮೊನೆಯನ್ನು ಬಲಪಡಿಸುತ್ತದೆ. ಟೆಫ್ಲಾನ್ ಕೂದಲಿನ ಮೇಲೆ ಅಲಗು ಜಾರುವಂತೆ ಮಾಡುತ್ತದೆ. ಪೊಟ್ಟಣದ ಮೇಲೆ ಪ್ಲಾಟಿನಂ ಎಂದು ಅಚ್ಚಾಗಿದ್ದರೆ ಅದು ಈ ಲೇಪವನ್ನು ಕುರಿತದ್ದೇ ಹೊರತು ಬ್ಲೇಡಿನ ಮೈಯನ್ನಲ್ಲ, ಮತ್ತು ಆ ಪದವೊಂದನ್ನೇ ನೋಡಿ ಕೊಳ್ಳುವುದರಲ್ಲಿ ಹುರುಳಿಲ್ಲ.

ಸ್ಟೇನ್‌ಲೆಸ್ ಬ್ಲೇಡು ಬರುವ ಮೊದಲು ಇದ್ದದ್ದು ಇಂಗಾಲದ ಉಕ್ಕಿನದು, ಅಂಗಡಿಯವರ ಮಾತಿನಲ್ಲಿ ಕಾರ್ಬನ್ ಬ್ಲೇಡು. ಅದು ಹರಿತವಾಗಿದ್ದರೂ ತೇವ ತಾಗಿದ ಮರುದಿನವೇ ಕಂದುಗಟ್ಟುತ್ತಿತ್ತು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ಲೇಪವಿರುವ ಸ್ಟೇನ್‌ಲೆಸ್ ಬ್ಲೇಡನ್ನು ಮಾರುಕಟ್ಟೆಗೆ ತಂದು, ಒಂದೇ ಬ್ಲೇಡಿನಲ್ಲಿ ಹಲವು ದಿನ ಕ್ಷೌರ ಮಾಡಬಹುದೆಂದು ತೋರಿಸಿದ ಮೇಲೆ ಉಳಿದ ಕಂಪನಿಗಳೂ ಆ ದಾರಿಗೆ ಬರಬೇಕಾಯಿತು. ಹಳೆಯ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ ಉಜ್ಜಿ ಮೊನೆ ಮೂಡಿಸಿಕೊಳ್ಳುವ ಪದ್ಧತಿ ಇಂಗಾಲದ ಉಕ್ಕಿನ ಕಾಲದ್ದು. ಲೇಪವಿರುವ ಬ್ಲೇಡನ್ನು ಹಾಗೆ ಉಜ್ಜಿದರೆ ಲೇಪವೇ ಹೋಗುತ್ತದೆ.

ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಉಕ್ಕಿನ ಅಲಗನ್ನು ಹೇಗೆ ಕೆಡಿಸುತ್ತದೆ ಎಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಉಜ್ಜಿ ಉಜ್ಜಿ ಮೊನೆ ದುಂಡಗಾಗುತ್ತದೆ ಎಂಬುದು ಸಾಮಾನ್ಯ ಊಹೆಯಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸಿ ನೋಡಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮುಖ್ಯವಾಗಿ ಆಗುವುದು ಸವೆತವಲ್ಲ, ಚಕ್ಕೆ ಏಳುವುದು: ಕೂದಲು ಅಲಗಿನ ಕೆಳಗೆ ಬಾಗಿದಾಗ ಓರೆಯಾದ ಒತ್ತಡ ಬೀಳುತ್ತದೆ, ಉಕ್ಕಿನ ರಚನೆ ಸಮನಾಗಿಲ್ಲದ ಎಡೆಯಲ್ಲಿ ಕೂದಲಿನ ಅಂಚು ತಾಗಿದರೆ ಮೊನೆಯಿಂದ ಸೂಕ್ಷ್ಮ ಚೂರು ಹಾರುತ್ತದೆ, ಹಾಗೆ ಹುಟ್ಟಿದ ಒರಟು ತಾಣಗಳಲ್ಲಿ ಮುಂದಿನ ಚಕ್ಕೆಗಳು ಏಳುತ್ತವೆ. ಬಾಗದೆ ನೆಟ್ಟಗೆ ಕತ್ತರಿಸಿಕೊಳ್ಳುವ ಕೂದಲು ಅಲಗಿಗೆ ಇಷ್ಟು ಹಾನಿ ಮಾಡದು. ಗಡ್ಡವನ್ನು ಚೆನ್ನಾಗಿ ನೆನೆಸಬೇಕು, ಬ್ಲೇಡನ್ನು ಅಲುಗದಂತೆ ಬಿಗಿಯಬೇಕು, ಒತ್ತಿ ಎಳೆಯಬಾರದು ಎಂಬ ಹಳೆಯ ಸಲಹೆಗಳು ಚರ್ಮದ ಹಿತಕ್ಕೆ ಮಾತ್ರವಲ್ಲದೆ ಅಲಗಿನ ಆಯುಷ್ಯಕ್ಕೂ ಸಲ್ಲುತ್ತವೆ ಎಂಬುದನ್ನು ಇದರಿಂದ ಊಹಿಸಬಹುದು.

ಮನೆಯ ಬ್ಲೇಡು, ಸಲೂನಿನ ಬ್ಲೇಡು

ಕರ್ನಾಟಕದಲ್ಲಿ ಕ್ಷೌರವೃತ್ತಿಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದ ಸವಿತಾ ಸಮಾಜದವರು ಹಿಂದೆ ಸಾಣೆಕಲ್ಲು, ಚರ್ಮದ ಪಟ್ಟಿಗಳಲ್ಲಿ ಮಸೆದ ಕ್ಷೌರಗತ್ತಿಯನ್ನು ಬಳಸುತ್ತಿದ್ದರು. ರಕ್ತದ ಮೂಲಕ ಹರಡುವ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳ ಅರಿವು ಮೂಡಿದ ಮೇಲೆ ಗಿರಾಕಿಗೊಂದು ಹೊಸ ಬ್ಲೇಡು ಎಂಬುದು ಸಲೂನುಗಳ ನಿಯಮವಾಯಿತು. ಕಾಗದದ ಹೊದಿಕೆ ಬಿಚ್ಚದೆಯೇ ಬ್ಲೇಡನ್ನು ಉದ್ದಕ್ಕೆ ಮಡಚಿ ಎರಡಾಗಿ ಮುರಿದು, ಒಂದು ಭಾಗವನ್ನು ಮಡಚುಗತ್ತಿಯ ಸೀಳಿನಲ್ಲಿ ಸಿಕ್ಕಿಸಿ, ಕ್ಷೌರ ಮುಗಿದೊಡನೆ ತೆಗೆದುಹಾಕುತ್ತಾರೆ. ಒಂದು ಬ್ಲೇಡು ಇಬ್ಬರಿಗಾಗುತ್ತದೆ, ಯಾರಿಗೂ ಮತ್ತೊಬ್ಬರ ಅಲಗು ತಾಗುವುದಿಲ್ಲ.

ಈ ಬಳಕೆಯಲ್ಲಿ ಬ್ಲೇಡಿನಿಂದ ನಿರೀಕ್ಷಿಸುವ ಗುಣಗಳು ಮನೆಯ ಬಳಕೆಯ ಗುಣಗಳಿಗಿಂತ ಬೇರೆ. ಸಲೂನಿನ ಅಲಗು ಒಂದೇ ಮುಖಕ್ಕೆ ಸಾಕಾಗುವುದರಿಂದ ಅದು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮೊದಲ ಎಳೆತದಲ್ಲೇ ಹರಿತವಾಗಿರಬೇಕು, ನೇರವಾಗಿ ಮುರಿಯಬೇಕು, ದಿನಕ್ಕೆ ಹತ್ತಾರು ಬ್ಲೇಡು ಬೇಕಾಗುವುದರಿಂದ ಅಗ್ಗವಾಗಿರಬೇಕು. ಮನೆಯ ರೇಜರಿನಲ್ಲಾದರೋ ಬ್ಲೇಡನ್ನು ಮುಚ್ಚಳದ ಉಬ್ಬಿಗೂ ತಳದ ತಟ್ಟೆಗೂ ನಡುವೆ ಬಾಗಿಸಿ ಬಿಗಿಯುತ್ತಾರೆ. ಹೀಗೆ ಬಾಗಿದಾಗಲೇ 0.1 ಮಿ.ಮೀ. ದಪ್ಪದ ಹಾಳೆಗೆ ಬಿಗಿತನ ಬರುತ್ತದೆ ಮತ್ತು ಅಲಗು ಚರ್ಮಕ್ಕೆ ತಾಗುವ ಕೋನ ನಿರ್ಧಾರವಾಗುತ್ತದೆ. ಸಲೂನಿನ ಅರ್ಧ ಬ್ಲೇಡು ಬಾಗುವುದೇ ಇಲ್ಲ. ಅಲ್ಲಿ ಕೋನವನ್ನು ಕಾಯುವುದು ಅನುಭವಿ ಕೈ. ಆದ್ದರಿಂದ ಸಲೂನಿನಲ್ಲಿ ನುಣುಪಾದ ಕ್ಷೌರ ಕೊಟ್ಟ ಬ್ಲೇಡಿನ ಹೆಸರು ಕೇಳಿಕೊಂಡು ಬಂದು ಅದನ್ನೇ ಮನೆಯ ರೇಜರಿಗೆ ಹಾಕಿದವರಿಗೆ ನಿರಾಸೆಯಾಗುವುದರಲ್ಲಿ ಆಶ್ಚರ್ಯವಿಲ್ಲ, ಮತ್ತು ಆ ನಿರಾಸೆಗೆ ಬ್ಲೇಡನ್ನು ದೂರುವುದು ಸರಿಯಲ್ಲ.

ಮನೆಯ ಬಳಕೆಗೆ ಬ್ಲೇಡು ಆರಿಸುವವರು ಮೊದಲು ನೋಡಬೇಕಾದದ್ದು ರೇಜರನ್ನೇ. ಅಲಗು ತಲೆಯಿಂದ ಎಷ್ಟು ಹೊರಚಾಚಿದೆ, ಅಲಗಿಗೂ ಕೆಳಗಿನ ರಕ್ಷಣಾ ಪಟ್ಟಿಗೂ ನಡುವೆ ಎಷ್ಟು ಸಂದು ಇದೆ ಎಂಬುದರ ಮೇಲೆ ರೇಜರು ಸೌಮ್ಯವೋ ಬಿರುಸೋ ಎಂಬುದು ನಿಲ್ಲುತ್ತದೆ. ಹಿಡಿಯ ಬುಡ ತಿರುಗಿಸಿದರೆ ಮೇಲಿನ ಎರಡು ರೆಕ್ಕೆಗಳು ತೆರೆದುಕೊಳ್ಳುವ ಬಗೆಯ ರೇಜರುಗಳು ಸಾಮಾನ್ಯವಾಗಿ ಸೌಮ್ಯವಾಗಿದ್ದು ಹೆಚ್ಚು ಹರಿತದ ಬ್ಲೇಡನ್ನು ಸುಲಭವಾಗಿ ತಾಳಿಕೊಳ್ಳುತ್ತವೆ. ಮೂರು ಭಾಗಗಳಾಗಿ ಬಿಚ್ಚಿಕೊಳ್ಳುವ ರೇಜರುಗಳಲ್ಲಿ ಸೌಮ್ಯವಾದವೂ ಇವೆ, ಬಿರುಸಾದವೂ ಇವೆ. ರಕ್ಷಣಾ ಪಟ್ಟಿಯ ಜಾಗದಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವ ತಲೆಗಳು ಹಲವು ದಿನ ಬೆಳೆದ ಗಡ್ಡಕ್ಕೆ ಒಪ್ಪುತ್ತವೆ.

ಎರಡನೆಯದು ಹರಿತ ಮತ್ತು ನಯ ಎಂಬ ಎರಡು ಗುಣಗಳ ಭೇದ. ಕೂದಲನ್ನು ಎಷ್ಟು ಕಡಿಮೆ ಬಲದಿಂದ ಕತ್ತರಿಸುತ್ತದೆ ಎಂಬುದು ಹರಿತ; ಚರ್ಮದ ಮೇಲೆ ಎಷ್ಟು ಕೆರೆತವಿಲ್ಲದೆ ಹಾದುಹೋಗುತ್ತದೆ ಎಂಬುದು ನಯ. ಮೊದಲನೆಯದು ಮೊನೆಯ ಸೂಕ್ಷ್ಮತೆಯನ್ನೂ ಎರಡನೆಯದು ಬಹುಪಾಲು ಲೇಪವನ್ನೂ ಮಸೆತದ ಸಮತೆಯನ್ನೂ ಅವಲಂಬಿಸಿವೆ. 1932ರಿಂದ ಜಪಾನಿನ ಸೆಕಿ ಪಟ್ಟಣದಲ್ಲಿ ತಯಾರಾಗುತ್ತಿರುವ ಫೆದರ್ ಬ್ಲೇಡು ಹರಿತಕ್ಕೆ ಜಗತ್ತಿನಲ್ಲೇ ಹೆಸರಾದದ್ದು. ದಪ್ಪ, ಒತ್ತಾದ ಗಡ್ಡದವರು ಅದನ್ನು ಮೆಚ್ಚಿಕೊಂಡರೆ, ತೆಳುಚರ್ಮದವರು ಅದೇ ಬ್ಲೇಡಿನಿಂದ ಕತ್ತಿನ ಮೇಲೆ ಉರಿ ತರಿಸಿಕೊಳ್ಳುತ್ತಾರೆ. ಹರಿತ ಕಡಿಮೆಯಾದ ಬ್ಲೇಡು ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ಮೊಂಡಾದ ಅಲಗು ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ, ಎಳೆದಾಗ ಕೈ ತಾನಾಗಿ ಒತ್ತುತ್ತದೆ, ಗಾಯವಾಗುವುದು ಆ ಒತ್ತಡದಿಂದ. ಗುಂಗುರು ಗಡ್ಡದವರಲ್ಲಿ ತೀರ ಆಳವಾಗಿ ಕತ್ತರಿಸಿದ ಕೂದಲು ಚರ್ಮದೊಳಕ್ಕೇ ಬಾಗಿ ಬೆಳೆದು ಗುಳ್ಳೆಗಳಾಗುವುದುಂಟು; ಅಂಥವರಿಗೆ ಕೂದಲನ್ನು ಎತ್ತಿ ಕತ್ತರಿಸುವ ಬಹು ಅಲಗಿನ ಕಾರ್ಟ್ರಿಜ್‌ಗಿಂತ ಒಂಟಿ ಅಲಗು, ಅದೂ ಕೂದಲು ಬೆಳೆದ ದಿಕ್ಕಿನಲ್ಲೇ ಎಳೆಯುವ ಅಲಗು, ಹೆಚ್ಚು ಹಿತ.

ಇಷ್ಟನ್ನು ತಿಳಿದ ಮೇಲೂ ಯಾವ ಬ್ಲೇಡು ಯಾರಿಗೆ ಒಪ್ಪುತ್ತದೆ ಎಂಬುದನ್ನು ಬಳಸಿಯೇ ಕಂಡುಕೊಳ್ಳಬೇಕು. ಆ ಪರೀಕ್ಷೆಗೂ ಒಂದು ಕ್ರಮ ಬೇಕು: ರೇಜರು, ಸಾಬೂನು, ಗಡ್ಡ ಬೆಳೆದ ದಿನಗಳ ಅಂತರ ಇವು ಮೂರನ್ನೂ ಬದಲಿಸದೆ ಬ್ಲೇಡನ್ನು ಮಾತ್ರ ಬದಲಿಸಿ, ಒಂದು ಪೊಟ್ಟಣ ಮುಗಿಯುವವರೆಗೆ ತೀರ್ಪು ಕೊಡದಿರುವುದು ಉತ್ತಮ. ಹೊಸ ಅಲಗಿನ ಮೊನೆಯ ಮೇಲಿನ ಹೆಚ್ಚುವರಿ ಟೆಫ್ಲಾನ್ ಮೊದಲ ಎಳೆತಗಳಲ್ಲಿ ಹಿಂದಕ್ಕೆ ಸರಿಯುವುದರಿಂದ ಕೆಲವು ಬ್ಲೇಡುಗಳಲ್ಲಿ ಮೊದಲ ದಿನಕ್ಕಿಂತ ಎರಡನೆಯ ದಿನದ ಕ್ಷೌರ ನಯವಾಗಿರುತ್ತದೆ. ಒಂದೇ ಬಾರಿ ಬಳಸಿ ಬಿಟ್ಟವರಿಗೆ ಇದು ತಿಳಿಯದು. ಕೆನ್ನೆ ಬಹುತೇಕ ಯಾವ ಬ್ಲೇಡನ್ನೂ ಸಹಿಸುತ್ತದೆ. ಬ್ಲೇಡಿನ ನಿಜವಾದ ಪರೀಕ್ಷೆ ನಡೆಯುವುದು ಕತ್ತಿನ ಕೆಳಭಾಗದಲ್ಲಿ ಮತ್ತು ಮೂಗಿನ ಕೆಳಗೆ.

ನೀರು, ಸಾಬೂನುಗಳ ದೋಷ ಬ್ಲೇಡಿನ ತಲೆಗೆ ಬರುವುದೂ ಸಾಮಾನ್ಯ. ಶಿವಮೊಗ್ಗಕ್ಕೆ ತುಂಗೆಯ, ಭದ್ರಾವತಿಗೆ ಭದ್ರೆಯ ನೀರು ಪೂರೈಕೆಯಾಗುತ್ತದೆ. ಮಲೆನಾಡಿನಿಂದ ಹರಿದುಬರುವ ಈ ಮೆದುನೀರಿನಲ್ಲಿ ನೊರೆ ಚೆನ್ನಾಗಿ ಏಳುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ಕರಗದ ಗಸಿಯಾಗುವುದರಿಂದ ನೊರೆ ತೆಳುವಾಗುತ್ತದೆ, ಆರಿದ ಮೇಲೆ ಅದೇ ಲವಣ ಅಲಗಿನ ಮೇಲೆ ಬಿಳಿಯ ಕಲೆಯಾಗಿ ಕೂರುತ್ತದೆ. ಬಡಾವಣೆ ಬದಲಿಸಿದ ಮೇಲೆ ಬ್ಲೇಡು ಕೆಟ್ಟಿತು ಎನ್ನುವವರು ನೀರನ್ನು ಒಮ್ಮೆ ಪರೀಕ್ಷಿಸುವುದು ಲೇಸು. ಮೈ ತೊಳೆಯುವ ಸಾಬೂನಿನ ನೊರೆ ಬೇಗ ಆರುತ್ತದೆ. ಕ್ಷೌರಕ್ಕೆಂದೇ ಮಾಡಿದ ಸಾಬೂನು ಮತ್ತು ಕ್ರೀಮುಗಳಲ್ಲಿ ಸ್ಟಿಯರಿಕ್ ಆಮ್ಲದ ಪೊಟ್ಯಾಸಿಯಂ ಲವಣ ಇರುವುದರಿಂದ ನೊರೆ ದಟ್ಟವಾಗಿ ನಿಲ್ಲುತ್ತದೆ. 1944ರಿಂದ ಶ್ರೀಗಂಧದ ಎಣ್ಣೆಯ ಕಾರ್ಖಾನೆಯನ್ನು ಹೊಂದಿದ್ದ ಶಿವಮೊಗ್ಗದಲ್ಲಿ ಗಂಧದ ಸಾಬೂನಿನ ಮೇಲಿನ ಅಭಿಮಾನ ಸಹಜವೇ, ಆದರೆ ಅದರ ಸ್ಥಾನ ಸ್ನಾನದಲ್ಲಿ. ಕ್ಷೌರಕ್ಕೆ ಮೊದಲು ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆದ ಕೂದಲು ನೀರು ಹೀರಿ ಉಬ್ಬಿ, ಒಣಗಡ್ಡಕ್ಕಿಂತ ಬಹಳ ಕಡಿಮೆ ಬಲಕ್ಕೆ ಕತ್ತರಿಸಿಕೊಳ್ಳುತ್ತದೆ. ಈ ಎರಡು ಮೂರು ನಿಮಿಷ ಮಾಡುವ ಉಪಕಾರ ಬ್ಲೇಡಿನ ಹೆಸರು ಬದಲಿಸುವುದರಿಂದ ಆಗುವ ಉಪಕಾರಕ್ಕಿಂತ ದೊಡ್ಡದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲುಮನೆಯ ಗೋಡೆಯೂ ಆರದ ಈ ಸೀಮೆಯಲ್ಲಿ ಬ್ಲೇಡನ್ನು ಕಾಪಾಡುವುದಕ್ಕೆ ಬೇರೆಯೇ ಗಮನ ಬೇಕು. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದು ಎಂದಲ್ಲ. ಗಡುಸುತನಕ್ಕಾಗಿ ಇಂಗಾಲ ಹೆಚ್ಚಿರುವ ಬ್ಲೇಡಿನ ಉಕ್ಕು ಅಡುಗೆಮನೆಯ ಪಾತ್ರೆಯ ಉಕ್ಕಿನಷ್ಟು ತುಕ್ಕನ್ನು ತಡೆಯಲಾರದು. ಕ್ಷೌರ ಮುಗಿದ ಮೇಲೆ ರೇಜರನ್ನು ತೊಳೆದು, ನೀರು ಕೊಡವಿ, ಬಚ್ಚಲಿನಿಂದ ಹೊರಗೆ ಗಾಳಿಯಾಡುವಲ್ಲಿ ಇಟ್ಟರೆ ಸಾಕು. ಅಲಗನ್ನು ಬಟ್ಟೆಯಿಂದ ಒರೆಸಬಾರದು, ಒರೆಸಿದರೆ ಮೊನೆಯೂ ಲೇಪವೂ ಕೆಡುತ್ತವೆ. ಹೊಸ ಪೊಟ್ಟಣಗಳಲ್ಲಿ ಬ್ಲೇಡಿಗೆ ಮೇಣದ ಕಾಗದದ ಹೊದಿಕೆ ಇರುವುದು ತೇವ ತಾಗದಿರಲೆಂದೇ; ಅಂಗಡಿಯಲ್ಲಿ ಹೊದಿಕೆಯ ಮೇಲೆ ಕಂದು ಕಲೆ ಕಂಡರೆ ಆ ಪೊಟ್ಟಣವನ್ನು ಬಿಡಬೇಕು. ಮನೆಯ ಬಳಕೆಯಲ್ಲಿ ಒಂದು ಬ್ಲೇಡು ಗಡ್ಡದ ಒರಟುತನಕ್ಕೆ ಅನುಸಾರವಾಗಿ ಮೂರರಿಂದ ಏಳು ಕ್ಷೌರಗಳವರೆಗೆ ಬರುತ್ತದೆ. ಎಳೆತ ಕಂಡ ದಿನವೇ ಅದನ್ನು ಬದಲಿಸುವುದು ಸರಿ. ಕೆಲವೇ ರೂಪಾಯಿ ಬೆಲೆಯ ವಸ್ತುವನ್ನು ಇನ್ನೆರಡು ದಿನ ಎಳೆದಾಡಿ ಚರ್ಮ ಕೆಡಿಸಿಕೊಳ್ಳುವುದು ಉಳಿತಾಯವಲ್ಲ. ಮನೆಮಂದಿಯೊಳಗೂ ಒಬ್ಬರ ಬ್ಲೇಡನ್ನು ಮತ್ತೊಬ್ಬರು ಬಳಸಬಾರದು.

ಇದೇ ಬ್ಲೇಡು ದರ್ಜಿಗಳಿಗೆ ಹೊಲಿಗೆ ಬಿಚ್ಚುವ, ಶಾಲಾಮಕ್ಕಳಿಗೆ ಪೆನ್ಸಿಲು ಹೆರೆಯುವ ಸಾಧನವಾಗಿದೆ. ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ ಧನುರ್ವಾಯು ತಡೆಯಲು ಸೂಲಗಿತ್ತಿಯರಿಗೆ ಕಲಿಸಿದ ಐದು ಶುಚಿತ್ವಗಳಲ್ಲಿ ಹೊಕ್ಕುಳಬಳ್ಳಿ ಕತ್ತರಿಸಲು ಹೊಸ ಬ್ಲೇಡು ಬಳಸುವುದೂ ಒಂದಾಗಿತ್ತು. ಶಿಶುಗಳ ಪ್ರಾಣ ಉಳಿಸುವಲ್ಲಿ ಈ ಅಗ್ಗದ ವಸ್ತುವಿಗೂ ಪಾಲಿದೆ ಎಂಬುದನ್ನು ಅದರ ಚರಿತ್ರೆಯಲ್ಲಿ ದಾಖಲಿಸಲೇಬೇಕು.

ಬೆಲೆ, ದೊರಕುವಿಕೆ, ಚರ್ಮದ ಹಿತ, ಕಸದ ಪ್ರಮಾಣ ಇವನ್ನೆಲ್ಲ ಒಟ್ಟಿಗೆ ತೂಗಿದರೆ, ಶಿವಮೊಗ್ಗ ಮತ್ತು ಭದ್ರಾವತಿಯಂಥ ಊರುಗಳ ನಿವಾಸಿಗೆ ಹತ್ತಿರದ ಅಂಗಡಿಯಲ್ಲಿ ಸಿಗುವ ಲೇಪವಿರುವ ಸ್ಟೇನ್‌ಲೆಸ್ ಬ್ಲೇಡಿನಿಂದ, ಸೌಮ್ಯವಾದ ರೇಜರಿನೊಂದಿಗೆ ಆರಂಭಿಸುವುದೇ ಸರಿಯಾದ ಆಯ್ಕೆ. ವಿದೇಶಿ ಬ್ಲೇಡುಗಳ ಹುಡುಕಾಟ ಆಮೇಲಿನ ಮಾತು. ಪ್ಲಾಸ್ಟಿಕ್ಕಿನಲ್ಲಿ ಹುದುಗಿದ ಕಾರ್ಟ್ರಿಜ್‌ನಂತಲ್ಲದೆ ಈ ಬ್ಲೇಡು ಬಹುತೇಕ ಶುದ್ಧ ಉಕ್ಕು, ಕರಗಿಸಿ ಮತ್ತೆ ಬಳಸಲು ಬರುತ್ತದೆ. ಆದರೆ ಬಿಡಿಯಾಗಿ ಕಸದ ಚೀಲಕ್ಕೆ ಬಿದ್ದ ಬ್ಲೇಡು ಮರುದಿನ ಬೆಳಿಗ್ಗೆ ಪೌರಕಾರ್ಮಿಕರ ಕೈ ಸೀಳುತ್ತದೆ. ಬಳಸಿದ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಿಯೊಂದರಲ್ಲಿ ಕೂಡಿಟ್ಟು, ಅದು ತುಂಬಿದಾಗ ಬಾಯಿ ಭದ್ರವಾಗಿ ಮುಚ್ಚಿ, ಒಳಗೇನಿದೆ ಎಂದು ಮೇಲೆ ಬರೆದು, ಒಣಕಸದ ಗಾಡಿಯವರ ಕೈಗೆ ತಿಳಿಸಿಯೇ ಕೊಡಬೇಕು.